ಕಷಾಯದ ಘಮ ಪೊಟ್ಟಣದೊಳಗೆ ಉಳಿಯುತ್ತಾ?

ಚೀನಾದ ವೈದ್ಯ ವು ಜೂತೊಂಗ್ 1798ರಲ್ಲಿ ಜ್ವರಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದು ಮುಗಿಸಿದರು. ಅದರಲ್ಲಿ ಯಿನ್‌ಚ್ಯಾವ್ ಸಾನ್ ಎಂಬ ಒಂದು ಪುಡಿಮದ್ದು ಬರುತ್ತದೆ. ಮೈ ಬಿಸಿಯಾಗಿ, ಗಂಟಲು ಕೆರೆಯಲು ಶುರುವಾದ ಹೊತ್ತಿಗೇ ಕೊಡುವ ಮದ್ದು ಅದು. ಹನಿಸಕಲ್ ಹೂವು, ಫಾರ್ಸಿಥಿಯಾ ಕಾಯಿ, ಪುದೀನ, ಅತಿಮಧುರ, ಇನ್ನೂ ನಾಲ್ಕೈದು ಸಾಮಾನು. ಎಲ್ಲವನ್ನೂ ಪುಡಿ ಮಾಡಿ, ಜೊಂಡಿನ ಹಸಿ ಬೇರು ಹಾಕಿದ ನೀರಿನಲ್ಲಿ ಕುದಿಸಬೇಕು.

ಎಷ್ಟು ಹೊತ್ತು ಕುದಿಸಬೇಕು? ವು ಅದಕ್ಕೆ ಗಳಿಗೆಯ ಲೆಕ್ಕ ಕೊಡುವುದಿಲ್ಲ. ಘಮ ಜೋರಾಗಿ ಎದ್ದ ಕೂಡಲೇ ಇಳಿಸಿ ಕುಡಿಯಬೇಕು, ಜಾಸ್ತಿ ಕುದಿಸಬಾರದು ಅನ್ನುತ್ತಾರೆ. ಕಾರಣವನ್ನೂ ಹೇಳುತ್ತಾರೆ. ಶ್ವಾಸಕೋಶಕ್ಕೆ ಕೊಡುವ ಮದ್ದು ಹಗುರವಾಗಿರಬೇಕು. ಹೆಚ್ಚು ಬೆಂದರೆ ರುಚಿ ದಟ್ಟವಾಗುತ್ತದೆ, ಮದ್ದು ಹೊಟ್ಟೆಯ ಕಡೆ ಇಳಿದುಬಿಡುತ್ತದೆ. ಈ ವಿವರಣೆ ಅವರ ಕಾಲದ ವೈದ್ಯಶಾಸ್ತ್ರದ್ದು. ಅದನ್ನು ಒಪ್ಪದಿದ್ದರೂ ಅಡುಗೆಮನೆಯಲ್ಲಿ ನಿಂತವರಿಗೆ ಆ ಸೂಚನೆ ತಕ್ಷಣ ಅರ್ಥವಾಗುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ನಾವು ಬೇಳೆಯ ಜೊತೆ ಬೇಯಿಸುವುದಿಲ್ಲ, ಒಲೆ ಆರಿಸುವ ಹೊತ್ತಿಗೆ ಹಾಕುತ್ತೇವೆ, ಅಲ್ವಾ?

ಇದೇ ಯಿನ್‌ಚ್ಯಾವ್ ಇವತ್ತು ಗುಳಿಗೆಯಾಗಿ, ಹರಳಿನ ಪೊಟ್ಟಣವಾಗಿ ಅಂಗಡಿಯಲ್ಲಿ ಸಿಗುತ್ತದೆ. ಬಿಸಿನೀರಿಗೆ ಸುರಿದು ಕಲಕಿದರೆ ಕಷಾಯ ತಯಾರು. ಹಾಗಾದರೆ ಆ ಘಮ ಎಲ್ಲಿ ಹೋಯಿತು? ಚೀನೀ ಗಿಡಮೂಲಿಕೆ ಔಷಧವನ್ನು ಆಧುನಿಕಗೊಳಿಸುವ ಕೆಲಸದಲ್ಲಿ ಇದು ತುಂಬಾ ಗಂಭೀರವಾದ ತಾಂತ್ರಿಕ ಪ್ರಶ್ನೆ. ನನ್ನ ಮಟ್ಟಿಗೆ ಇದು ತಂತ್ರಕ್ಕಿಂತ ಹೆಚ್ಚಾಗಿ ಅಳತೆಯ ಪ್ರಶ್ನೆ. ಯಾವುದನ್ನು ಅಳೆಯುತ್ತೇವೋ ಅದನ್ನು ಉಳಿಸಿಕೊಳ್ಳುತ್ತೇವೆ. ಘಮವನ್ನು ಬಹಳ ಕಾಲ ಸರಿಯಾಗಿ ಯಾರೂ ಅಳೆಯಲಿಲ್ಲ.

ಪೊಟ್ಟಣಗಳು ಬಂದದ್ದಕ್ಕೆ ಒಳ್ಳೆಯ ಕಾರಣಗಳಿವೆ. ಕೆಲಸಕ್ಕೆ ಓಡುವ ಜನ ದಿನಕ್ಕೆರಡು ಸಲ ಮದ್ದು ನೆನೆಸಿ, ಕುದಿಸಿ, ಸೋಸಿ ಕೂರಲಾರರು. ಒಬ್ಬರ ಮನೆಯ ಕಷಾಯ ಇನ್ನೊಬ್ಬರ ಮನೆಯದರಂತೆ ಇರುವುದೂ ಇಲ್ಲ. ಜಪಾನಿನಲ್ಲಿ ಕಾಂಪೋ ಎಂಬ ಗಿಡಮೂಲಿಕೆ ಔಷಧಗಳ ಒಣ ಸಾರಗಳಿಗೆ 1976ರಲ್ಲೇ ದೊಡ್ಡ ಪ್ರಮಾಣದಲ್ಲಿ ಆರೋಗ್ಯ ವಿಮೆ ಸಿಕ್ಕಿತು. ತೈವಾನಿನಲ್ಲಿ 1995ರಲ್ಲಿ ಶುರುವಾದ ರಾಷ್ಟ್ರೀಯ ವಿಮೆಯೂ ಇಂಥ ಹರಳುಗಳಿಗೆ ದುಡ್ಡು ಕೊಡುತ್ತದೆ. ಚೀನಾದಲ್ಲಿ ಒಂದೊಂದು ಮೂಲಿಕೆಯ ಹರಳುಗಳು ವರ್ಷಗಟ್ಟಲೆ ಪ್ರಯೋಗದ ಹಂತದಲ್ಲೇ ಇದ್ದವು. 2021ರ ನವೆಂಬರ್ 1ಕ್ಕೆ ಆ ಹಂತ ಮುಗಿದು, ರಾಷ್ಟ್ರೀಯ ಮಾನದಂಡಗಳ ಕಾಲ ಶುರುವಾಯಿತು. ಅಂದರೆ ಕಷಾಯದ ಮಡಕೆಯಿಂದ ಕಾರ್ಖಾನೆಯ ತೊಟ್ಟಿಗೆ ಹೋಗುವ ದಾರಿ ಈಗ ಹೆದ್ದಾರಿಯಾಗಿದೆ. ಅದರ ಮೇಲೆ ಏನೇನು ಚೆಲ್ಲಿಹೋಗುತ್ತಿದೆ ಎಂದು ನೋಡಲೇಬೇಕು.

ಮೊದಲು ಘಮ ಹಾರಿಹೋಗುವುದು ಹೇಗೆ ಎಂದು ನೋಡೋಣ. ಪುದೀನದ ಮುಖ್ಯ ಪರಿಮಳ ಮೆಂಥಾಲ್. ಅದು ತಾನಾಗಿ ಕುದಿಯುವುದು ಸುಮಾರು 212 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರು ಕುದಿಯುವುದು 100ರಲ್ಲಿ. ಹಾಗಿದ್ದರೆ ಕಷಾಯ ಕುದಿಯುವಾಗ ಮೆಂಥಾಲ್ ಒಳಗೇ ಇರಬೇಕಲ್ಲ? ಇರುವುದಿಲ್ಲ. ನೀರು ಮತ್ತು ಅದರಲ್ಲಿ ಬೆರೆಯದ ಎಣ್ಣೆ ಒಟ್ಟಿಗೆ ಕಾದಾಗ ಎರಡರ ಆವಿಯೂ ಕೂಡಿ ಮೇಲಿನ ಗಾಳಿಯನ್ನು ಒತ್ತುತ್ತವೆ. ಎರಡೂ ಸೇರಿ ಗಾಳಿಯ ಒತ್ತಡಕ್ಕೆ ಸಮವಾದರೆ ಸಾಕು, ಕುದಿತ ಶುರು. ಹಾಗಾಗಿ 100 ಡಿಗ್ರಿಗಿಂತ ತುಸು ಕೆಳಗೇ ಹಬೆ ಎಣ್ಣೆಯನ್ನು ಕೈಹಿಡಿದು ಕರೆದೊಯ್ಯುತ್ತದೆ. ಮೈಸೂರಿನಲ್ಲಿ ಗಂಧದ ಚೆಕ್ಕೆಯಿಂದ ಎಣ್ಣೆ ತೆಗೆದದ್ದೂ ಹಬೆಯ ಇದೇ ಗುಣದಿಂದ. ಅಲ್ಲಿ ಹಬೆಯನ್ನು ತಣ್ಣಗೆ ಮಾಡಿ ಎಣ್ಣೆ ಹಿಡಿಯುತ್ತಾರೆ. ಮುಚ್ಚಳವಿಲ್ಲದ ಕಷಾಯದ ಪಾತ್ರೆಯಲ್ಲಿ ಅದೇ ಎಣ್ಣೆ ಸೂರಿಗೆ ಹೋಗುತ್ತದೆ.

ಚೀನೀ ವೈದ್ಯರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೆ ಪರಿಣಾಮ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರ ಚೀಟಿಗಳಲ್ಲಿ ಕೆಲವು ಮೂಲಿಕೆಗಳ ಪಕ್ಕ 'ಹೌಶ್ಯಾ' ಎಂಬ ಎರಡು ಅಕ್ಷರ ಇರುತ್ತವೆ. ಆಮೇಲೆ ಹಾಕು ಎಂದರ್ಥ. ಪುದೀನಕ್ಕೆ ಈ ಗುರುತಿದೆ. ನಮ್ಮ ಏಲಕ್ಕಿಯ ಕುಟುಂಬದ ಶಾರೆನ್ ಎಂಬ ಕಾಯಿಗೂ ಇದೆ, ಅದನ್ನು ಜಜ್ಜಿ ಕೊನೆಗೆ ಹಾಕಬೇಕು. ಚೀನಾದ ಸರ್ಕಾರ ಆಸ್ಪತ್ರೆಗಳ ಕಷಾಯದ ಕೋಣೆಗಳಿಗೆಂದು 2009ರಲ್ಲಿ ಹೊರಡಿಸಿದ ನಿಯಮಗಳಲ್ಲೂ ಈ ತಿಳಿವಳಿಕೆ ಉಳಿದಿದೆ. ಶಕ್ತಿ ಕೊಡುವ ಮದ್ದುಗಳನ್ನು ಸಣ್ಣ ಉರಿಯಲ್ಲಿ 40ರಿಂದ 60 ನಿಮಿಷ ಬೇಯಿಸಬಹುದು. ಪರಿಮಳದ ಮದ್ದುಗಳಿಗೆ ಕುದಿ ಬಂದ ಮೇಲೆ 15ರಿಂದ 20 ನಿಮಿಷ ಸಾಕು. 'ಆಮೇಲೆ ಹಾಕು' ಎನ್ನುವುದಕ್ಕೆ ಕೊನೆಯ 5ರಿಂದ 10 ನಿಮಿಷ ಮಾತ್ರ.

ಈಗ ಕಾರ್ಖಾನೆಗೆ ಬನ್ನಿ. ಅಲ್ಲಿ ಮೂಲಿಕೆ ದೊಡ್ಡ ಉಕ್ಕಿನ ತೊಟ್ಟಿಗೆ ಬೀಳುತ್ತದೆ. ಗಂಟೆಗಟ್ಟಲೆ ಬೇಯುತ್ತದೆ, ಸಾಮಾನ್ಯವಾಗಿ ಎರಡು ಸಲ. ಅಲ್ಲಿ ಗಟ್ಟಿ ಬೇರು, ತೆಳು ಎಲೆ ಎಂಬ ಭೇದ ಮಾಡಿದರೆ ಸಮಯ, ಉರುವಲು, ದುಡ್ಡು ಎಲ್ಲಕ್ಕೂ ಪೆಟ್ಟು. ಆಮೇಲೆ ಆ ನೀರನ್ನು ಕಡಿಮೆ ಒತ್ತಡದಲ್ಲಿ ಇಂಗಿಸುತ್ತಾರೆ. ಒತ್ತಡ ಇಳಿಸಿದರೆ ನೀರು ಕಡಿಮೆ ಶಾಖದಲ್ಲೇ ಆವಿಯಾಗುತ್ತದೆ, ಹಾಗಾಗಿ ಶಾಖಕ್ಕೆ ಕೆಡುವ ವಸ್ತುಗಳಿಗೆ ಇದು ಒಳ್ಳೆಯದು. ಪರಿಮಳಕ್ಕೆ ಮಾತ್ರ ಒಳ್ಳೆಯದಲ್ಲ. ನೀರನ್ನು ಎಳೆಯುವ ಪಂಪು ಎಣ್ಣೆಯನ್ನೂ ಎಳೆಯುತ್ತದೆ. ಕೊನೆಗೆ ದಪ್ಪಗಾದ ಸಾರವನ್ನು ಬಿಸಿಗಾಳಿಗೆ ತುಂತುರಾಗಿ ಚಿಮ್ಮಿಸಿ ಪುಡಿ ಮಾಡುತ್ತಾರೆ. ಆ ಗಾಳಿ ಒಳಗೆ ಬರುವಾಗ 150 ಡಿಗ್ರಿ ದಾಟಿರುವುದು ಸಾಮಾನ್ಯ. ಮೂರು ಕಡೆಯೂ ಸೋರಿಕೆ. ಕೊನೆಯ ಪುಡಿಯಲ್ಲಿ ಪುದೀನದ ಬಣ್ಣ ಇರುತ್ತದೆ, ಕಹಿ ಇರುತ್ತದೆ. ಪುದೀನ ಇರುತ್ತದೆಯೇ ಎನ್ನುವುದು ಬೇರೆ ಮಾತು.

ಸೋರಿಕೆ ತೊಟ್ಟಿಗೆ ಬೀಳುವ ಮುಂಚೆಯೇ ಶುರುವಾಗಿರುತ್ತದೆ. ಚೀನಾದ ಔಷಧಕೋಶ, ಅಂದರೆ ಔಷಧಗಳ ಮಾನದಂಡ ಹೇಳುವ ಸರ್ಕಾರಿ ಗ್ರಂಥ, ಇಡಿಯಾದ ಒಣ ಪುದೀನದಲ್ಲಿ 100 ಗ್ರಾಮಿಗೆ ಕನಿಷ್ಠ 0.80 ಮಿಲಿ ಎಣ್ಣೆ ಇರಬೇಕು ಅನ್ನುತ್ತದೆ. ಅದನ್ನೇ ಕತ್ತರಿಸಿ ಒಣಗಿಸಿ ಅಂಗಡಿಗೆ ತಂದರೆ 0.40 ಇದ್ದರೂ ಸಾಕು. ಬರೀ ಕತ್ತರಿಸಿ ಒಣಗಿಸುವುದರಲ್ಲೇ ಅರ್ಧ ಹೋಗಬಹುದು ಎಂದು ನಿಯಮವೇ ಒಪ್ಪಿಕೊಂಡಿದೆ.

ಇಷ್ಟೆಲ್ಲ ಹೋದರೂ ಪರೀಕ್ಷೆಯಲ್ಲಿ ಯಾಕೆ ಸಿಕ್ಕಿಬೀಳುವುದಿಲ್ಲ? ಇಲ್ಲಿಯೇ ನನ್ನ ತಕರಾರು. ಒಂದು ಔಷಧದ ಗುಣಮಟ್ಟ ನೋಡಲು ಅದರೊಳಗಿನ ಒಂದೆರಡು ವಸ್ತುಗಳನ್ನು ಗುರುತಿಗೆಂದು ಆರಿಸಿಕೊಂಡು ಅಳೆಯುತ್ತಾರೆ. ಹನಿಸಕಲ್ ಹೂವಿಗೆ ಕ್ಲೋರೋಜೆನಿಕ್ ಆಮ್ಲ. ದಾಂಗ್‌ಗುಯ್ ಬೇರಿಗೆ ಫೆರೂಲಿಕ್ ಆಮ್ಲ. ಇವು ನೀರಿಗೆ ಇಳಿಯುತ್ತವೆ, ಹಬೆಯ ಜೊತೆ ಹಾರುವುದಿಲ್ಲ, ಯಂತ್ರದಲ್ಲಿ ಚೆಂದವಾಗಿ ಕಾಣುತ್ತವೆ. ದಾಂಗ್‌ಗುಯ್ ಬೇರನ್ನು ಒಮ್ಮೆ ಮೂಸಿದವರಿಗೆ ಅದರ ವಾಸನೆ ಮರೆಯುವುದಿಲ್ಲ. ಆ ವಾಸನೆಯ ಮುಖ್ಯ ವಸ್ತು ಲಿಗಸ್ಟಿಲೈಡ್. ಅದು ಹಾರುತ್ತದೆ, ಗಾಳಿಗೆ ಸಿಕ್ಕರೆ ಬೇರೆ ರೂಪಕ್ಕೆ ತಿರುಗುತ್ತದೆ, ಅಳೆಯುವವರಿಗೆ ತಲೆನೋವು. ಒಣ ಬೇರಿಗೆ ಎಣ್ಣೆಯ ಲೆಕ್ಕ ಕೇಳುತ್ತಾರೆ, ಸರಿ. ಅದೇ ಬೇರು ಸಾರವಾಗಿ, ಹರಳಾಗಿ ಬಂದಾಗ ಫೆರೂಲಿಕ್ ಆಮ್ಲ ಒಂದನ್ನೇ ನೋಡಿದರೆ ಏನಾಗುತ್ತದೆ? ಘಮ ಪೂರ್ತಿ ಕಳೆದುಕೊಂಡ ಸಾರವೂ ಒಳ್ಳೆಯ ಅಂಕದಲ್ಲಿ ಪಾಸಾಗುತ್ತದೆ. ಯಾರೂ ಮೋಸ ಮಾಡಿರುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಆ ಪ್ರಶ್ನೆಯೇ ಇರುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಎಲ್ಲ ಮೂಲಿಕೆ ಒಂದೇ ಪಾತ್ರೆಯಲ್ಲಿ ಬೇಯುವಾಗ ಅವು ಒಂದಕ್ಕೊಂದು ನೆರವಾಗುತ್ತವೆ. ಅತಿಮಧುರದಂಥ ಬೇರುಗಳಲ್ಲಿ ಸಪೋನಿನ್ ಎಂಬ ವಸ್ತುಗಳಿವೆ. ಅಂಟುವಾಳದ ಕಾಯಿ ನೊರೆ ಬಿಡುವುದು ಇಂಥವುಗಳಿಂದಲೇ. ಎಣ್ಣೆಯ ಸಣ್ಣ ಹನಿಗಳನ್ನು ನೀರಿನಲ್ಲಿ ಹಿಡಿದಿಡುವ ಗುಣ ಇವಕ್ಕಿದೆ. ಒಂದೊಂದು ಮೂಲಿಕೆಯನ್ನೂ ಬೇರೆ ಬೇರೆ ಬೇಯಿಸಿ, ಒಣಗಿಸಿ, ಆಮೇಲೆ ಲೋಟದಲ್ಲಿ ಕೂಡಿಸಿದರೆ ಈ ನೆರವು ಸಿಗುವ ಹೊತ್ತಿಗೆ ಎಣ್ಣೆ ಆಗಲೇ ಹೋಗಿರುತ್ತದೆ.

ಹಾಗಂತ ಕಾರ್ಖಾನೆಯವರು ಸುಮ್ನೆ ಕೂತಿಲ್ಲ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ದಾರಿ ಸರಳ. ಮೊದಲು ಹಬೆ ಹಾಯಿಸಿ ಎಣ್ಣೆಯನ್ನು ಭಟ್ಟಿ ಇಳಿಸಿ ಪಕ್ಕಕ್ಕಿಡುವುದು. ಉಳಿದ ಸೊಪ್ಪು, ಬೇರುಗಳನ್ನು ಎಂದಿನಂತೆ ಬೇಯಿಸಿ ಪುಡಿ ಮಾಡುವುದು. ಕೊನೆಗೆ ಎಣ್ಣೆಯನ್ನು ಪುಡಿಗೆ ವಾಪಸ್ ಸೇರಿಸುವುದು. ಕೇಳಲು ಸುಲಭ. ಎಣ್ಣೆ ಕಡಿಮೆ ಇರುವ ಮೂಲಿಕೆಗಳಲ್ಲಿ ಅದು ನೀರಿನ ಮೇಲೆ ತೇಲಿ ಬೇರೆಯಾಗುವುದೇ ಇಲ್ಲ. ನೀರೇ ಘಮಘಮ ಅನ್ನುತ್ತದೆ, ಕೈಗೆ ಎಣ್ಣೆ ಸಿಗುವುದಿಲ್ಲ. ಸಿಕ್ಕ ಎಣ್ಣೆಯನ್ನು ಪುಡಿಯ ಮೇಲೆ ಚಿಮುಕಿಸಿದರೆ ಪೊಟ್ಟಣದೊಳಗೆ ತಿಂಗಳುಗಟ್ಟಲೆ ಕೂತು ಮೆಲ್ಲಗೆ ಆರಿಹೋಗುತ್ತದೆ.

ಅದಕ್ಕೆ ಉತ್ತರವಾಗಿ ಬಂದದ್ದು ಸೈಕ್ಲೋಡೆಕ್ಸ್‌ಟ್ರಿನ್. ಪಿಷ್ಟದಿಂದ ಮಾಡುವ ಸಕ್ಕರೆಯ ಬಳೆ ಇದು. ಬೀಟಾ ಬಗೆಯದರಲ್ಲಿ ಏಳು ಗ್ಲೂಕೋಸ್ ಮಣಿಗಳು ಉಂಗುರವಾಗಿ ಕೂಡಿರುತ್ತವೆ. ಹೊರಮೈಗೆ ನೀರು ಇಷ್ಟ, ಒಳಗಿನ ಪೊಳ್ಳಿಗೆ ಎಣ್ಣೆ ಇಷ್ಟ. ಪರಿಮಳದ ಅಣು ಆ ಪೊಳ್ಳಿನೊಳಗೆ ಕೂತರೆ ಬೇಗ ಹಾರುವುದಿಲ್ಲ, ಗಾಳಿಗೆ ಕೆಡುವುದೂ ಕಡಿಮೆ, ನೀರಿಗೆ ಹಾಕಿದಾಗ ಚೆನ್ನಾಗಿ ಕರಗುತ್ತದೆ. ಆದರೆ ಬಳೆಯ ಅಳತೆ ಒಂದೇ. ಒಂದು ಮೂಲಿಕೆಯ ಎಣ್ಣೆಯಲ್ಲಿ ಹತ್ತಾರು ಅಣುಗಳಿರುತ್ತವೆ, ಸಣ್ಣವು, ದೊಡ್ಡವು, ಸೊಟ್ಟಗಿರುವವು. ಅಳತೆಗೆ ಹೊಂದಿದ್ದು ಒಳಗೆ, ಹೊಂದದ್ದು ಹೊರಗೆ. ಹೀಗೆ ಉಳಿದ ಘಮದ ಹದವೇ ಮೂಲದ್ದಕ್ಕಿಂತ ಬೇರೆಯಾಗಬಹುದು. ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿ ಶಾಖಕ್ಕೂ ಗಾಳಿಯ ಒತ್ತಡದ ಸುಮಾರು 73 ಪಟ್ಟಿಗೂ ಮೇಲೆ ಇಟ್ಟು, ಅದರಿಂದ ಎಣ್ಣೆ ತೆಗೆಯುವ ವಿಧಾನವೂ ಇದೆ. ಶಾಖ ಕಡಿಮೆ, ಎಣ್ಣೆ ಕೆಡುವುದಿಲ್ಲ. ಯಂತ್ರ ದುಬಾರಿ. ಜೊತೆಗೆ ಕಷಾಯಕ್ಕೆ ಎಂದೂ ಇಳಿಯದಿದ್ದ ಮೇಣ, ಕೊಬ್ಬುಗಳನ್ನೂ ಅದು ಎಳೆದು ತರುತ್ತದೆ. ಆಗ ಅದು ಹಳೆಯ ಮದ್ದೋ ಹೊಸದೋ?

ಈ ಪ್ರಶ್ನೆ ಎಷ್ಟು ಸಿಕ್ಕಾಗುತ್ತದೆ ಎಂದು ನೋಡಲು ಹುವೊಶ್ಯಾಂಗ್ ಝೆಂಗ್‌ಚಿಯ ಕಥೆ ನೋಡಬೇಕು. ಬೇಸಿಗೆಯಲ್ಲಿ ಹೊಟ್ಟೆ ಕೆಟ್ಟು, ವಾಂತಿ, ತಲೆಭಾರ ಬಂದರೆ ಚೀನಾದ ಮನೆಗಳಲ್ಲಿ ಹುಡುಕುವ ಮದ್ದು ಇದು. ಮೂಲ ಯೋಗ, ಅಂದರೆ ಮೂಲಿಕೆಗಳ ಮಿಶ್ರಣ, ಸುಮಾರು ಒಂಬೈನೂರು ವರ್ಷ ಹಿಂದಿನ ಸೋಂಗ್ ರಾಜರ ಕಾಲದ ಸರ್ಕಾರಿ ಔಷಧಾಲಯದ್ದು. ಹುವೊಶ್ಯಾಂಗ್ ಎಂಬ ಪರಿಮಳದ ಸೊಪ್ಪು, ಅದಕ್ಕೆ ಈಗ ಬಳಸುವುದು ಪಚೋಲಿ. ಜೊತೆಗೆ ಪೆರಿಲ್ಲಾ ಎಲೆ, ಕಿತ್ತಳೆ ಜಾತಿಯ ಒಣ ಸಿಪ್ಪೆ, ಮ್ಯಾಗ್ನೋಲಿಯಾ ತೊಗಟೆ ಹೀಗೆ ಪಟ್ಟಿ ಹೋಗುತ್ತದೆ. ನಮ್ಮ ಮಲೆನಾಡಿನವರಿಗೆ ಒಂದು ಹೆಸರು ಕೇಳಿ ಖುಷಿಯಾಗಬಹುದು: ಅಡಿಕೆ ಸಿಪ್ಪೆಯೂ ಇದರಲ್ಲಿದೆ. ಆಗಿನ ವಿಧಾನ ಹೀಗೆ. ಎಲ್ಲವನ್ನೂ ಪುಡಿ ಮಾಡಿಡುವುದು. ಬೇಕಾದಾಗ ಕೆಲವು ಗ್ರಾಮಿನಷ್ಟನ್ನು ಒಂದು ಬಟ್ಟಲು ನೀರಿಗೆ ಹಾಕಿ, ಶುಂಠಿ ಮೂರು ಬಿಲ್ಲೆ, ಬೋರೆಹಣ್ಣಿನ ಜಾತಿಯ ಹಣ್ಣು ಒಂದು ಸೇರಿಸಿ, ಹತ್ತರಲ್ಲಿ ಏಳು ಪಾಲು ಉಳಿಯುವ ತನಕ ಕುದಿಸಿ ಬಿಸಿಬಿಸಿ ಕುಡಿಯುವುದು. ಪುಡಿಯಾದ್ದರಿಂದ ಸಾರ ಬೇಗ ಇಳಿಯುತ್ತದೆ. ಕುದಿಸುವ ಹೊತ್ತು ಕಡಿಮೆ, ಘಮಕ್ಕೆ ಹಾನಿಯೂ ಕಡಿಮೆ.

ಇವತ್ತಿನ ಸೀಸೆಯ ಔಷಧ ಬೇರೆ ದಾರಿ ಹಿಡಿದಿದೆ. ಕೆಲವು ಮೂಲಿಕೆಗಳ ಸಾರವನ್ನು ಆಲ್ಕೋಹಾಲಿನಲ್ಲಿ ಇಳಿಸುತ್ತಾರೆ. ಪಚೋಲಿ ಮತ್ತು ಪೆರಿಲ್ಲಾ ಎಲೆಗಳನ್ನು ಹಾಕುವುದೇ ಇಲ್ಲ, ಅವುಗಳ ಎಣ್ಣೆಯನ್ನು ಮಾತ್ರ ಸೇರಿಸುತ್ತಾರೆ. ಸುಮಾರು ಎರಡು ಲೀಟರ್ ಔಷಧಕ್ಕೆ ಪಚೋಲಿ ಎಣ್ಣೆ 1.6 ಮಿಲಿ, ಪೆರಿಲ್ಲಾ ಎಣ್ಣೆ 0.8 ಮಿಲಿ. ಎಣ್ಣೆ ಕರಗಿ ನಿಲ್ಲಬೇಕಾದರೆ ಆಲ್ಕೋಹಾಲ್ ಬೇಕು, ಹಾಗಾಗಿ ಸೀಸೆಯಲ್ಲಿ 40ರಿಂದ 50 ಶೇಕಡಾ ಅದೇ ಇದೆ. ಘಮ ಉಳಿಯಿತು, ನಿಜ. ಅದಕ್ಕೆ ಕೊಟ್ಟ ಬೆಲೆ ಮಕ್ಕಳಿಗೆ ಕೊಡಲು ಹಿಂಜರಿಕೆ, ಕುಡಿದು ಗಾಡಿ ಓಡಿಸಿದರೆ ತಪಾಸಣೆಯಲ್ಲಿ ಸಿಕ್ಕಿಬೀಳುವ ಭಯ, ಕೆಲವು ಸೆಫಲೋಸ್ಪೊರಿನ್ ಆಂಟಿಬಯೋಟಿಕ್‌ಗಳ ಜೊತೆ ಸೇರಿದರೆ ಅಪಾಯ. ಆಲ್ಕೋಹಾಲ್ ಬೇಡದವರಿಗೆಂದು ಆಮೇಲೆ ಬೇರೆ ದ್ರವ ಬಂತು, ಎಣ್ಣೆಯನ್ನು ಒಳಗೇ ಮುಚ್ಚಿಡುವ ಮೆತ್ತನೆಯ ಕ್ಯಾಪ್ಸೂಲ್ ಬಂತು, ಸಣ್ಣ ಹನಿಗುಳಿಗೆಯೂ ಬಂತು. ಆದರೆ ಎಲೆಯ ಉಳಿದ ಭಾಗ? ಪಚೋಲಿ ಎಲೆಯಲ್ಲಿ ಹಾರದ ವಸ್ತುಗಳೂ ಬೇಕಾದಷ್ಟಿವೆ. ಹಳೆಯ ಬಟ್ಟಲಿನಲ್ಲಿ ಅವೂ ಇದ್ದವು. ಯಿನ್‌ಚ್ಯಾವ್ ಪೊಟ್ಟಣದಲ್ಲಿ ಎಲೆ ಉಳಿದು ಘಮ ಹೋಗುವ ಭಯ. ಇಲ್ಲಿ ಘಮ ಉಳಿದು ಎಲೆ ಹೋಗಿದೆ.

ಘಮ ಪೂರ್ತಿ ಉಳಿಸಿದರೆ ಮದ್ದು ಒಳ್ಳೆಯದಾಗುತ್ತದೆ ಎಂದುಕೊಳ್ಳುವುದೂ ತಪ್ಪು. ಹಳಬರು ಎಷ್ಟೋ ಕಡೆ ಅದನ್ನು ಬೇಕೆಂದೇ ಓಡಿಸುತ್ತಿದ್ದರು. ಕಿತ್ತಳೆ ಜಾತಿಯ ಸಿಪ್ಪೆಗೆ ಚೆನ್‌ಪಿ ಎನ್ನುತ್ತಾರೆ, ಹಳೆಯ ಸಿಪ್ಪೆ ಎಂದರ್ಥ. ಗುವಾಂಗ್‌ಡೊಂಗ್ ಪ್ರಾಂತ್ಯದ ಶಿನ್‌ಹುಯಿಯಲ್ಲಿ ಅದನ್ನು ವರ್ಷಗಟ್ಟಲೆ ಇಟ್ಟು ಹಳತು ಮಾಡುತ್ತಾರೆ, ಹಳತಾದಷ್ಟೂ ಬೆಲೆ. ಆ ವರ್ಷಗಳಲ್ಲಿ ಹೊಸ ಸಿಪ್ಪೆಯ ಚುರುಕು ವಾಸನೆ ಇಳಿಯುತ್ತದೆ. ಶಿಶಿನ್ ಎಂಬ ಬೇರಿನ ವಿಷಯ ಇನ್ನೂ ಗಂಭೀರ. ಅದರ ಎಣ್ಣೆಯಲ್ಲಿ ಸ್ಯಾಫ್ರೋಲ್ ಎಂಬ ವಿಷದ ವಸ್ತುವಿದೆ. ಪುಡಿಯಾಗಿ ನುಂಗುವುದಾದರೆ ಒಂದು ಚಿಯನ್, ಅಂದರೆ ಮೂರು ಗ್ರಾಮಿನಷ್ಟರ ಗಡಿ ದಾಟಬಾರದು ಎಂಬ ಹಳೆಯ ಎಚ್ಚರಿಕೆಯಿದೆ. ಕುದಿಸಿದರೆ ಸ್ಯಾಫ್ರೋಲ್ ಹಬೆಯ ಜೊತೆ ಹೋಗಿ ಕಡಿಮೆಯಾಗುತ್ತದೆ. ಅಲ್ಲಿ ಹಾರಿಹೋಗುವುದೇ ರಕ್ಷಣೆ. ಅಂಥ ಬೇರಿನ ಎಣ್ಣೆಯನ್ನು ಜೋಪಾನವಾಗಿ ಹಿಡಿದು ಪುಡಿಗೆ ವಾಪಸ್ ಹಾಕಿದರೆ ಹಳೆಯ ಮದ್ದು ಹೊಸ ಅಪಾಯವಾಗುತ್ತದೆ.

ಎಣ್ಣೆಯನ್ನು ಸೂಜಿಯಿಂದ ನೇರ ಮೈಯೊಳಗೆ ಕಳಿಸುವ ಪ್ರಯತ್ನಗಳೂ ನಡೆದಿವೆ. 1940ರ ದಶಕದ ಆರಂಭದಲ್ಲಿ, ಯುದ್ಧದ ನಡುವೆ, ಚೀನಾದ ತೈಹಾಂಗ್ ಬೆಟ್ಟಗಳಲ್ಲಿದ್ದ ಕಮ್ಯುನಿಸ್ಟರ ಎಂಟನೇ ರೂಟ್ ಸೇನೆಯವರು ಔಷಧಿಗೆ ಗತಿಯಿಲ್ಲದೆ ಛಾಯ್‌ಹೂ ಬೇರನ್ನು ಭಟ್ಟಿ ಇಳಿಸಿ ಚುಚ್ಚುಮದ್ದು ಮಾಡಿದರು. ಅದು ದಶಕಗಟ್ಟಲೆ ಬಳಕೆಯಲ್ಲಿ ಉಳಿಯಿತು. 2018ರಲ್ಲಿ ಚೀನಾದ ಔಷಧ ಇಲಾಖೆ ಅದರ ಚೀಟಿಯ ಮೇಲೆ ಮಕ್ಕಳಿಗೆ ಕೊಡಬಾರದು ಎಂದು ಬರೆಸಿತು. ಯೂಶಿಂಗ್‌ಛಾವ್ ಎಂಬ, ಮೀನಿನ ವಾಸನೆಯ ಸೊಪ್ಪಿನ ಚುಚ್ಚುಮದ್ದಿನಿಂದ ತೀವ್ರ ಅಲರ್ಜಿಯಾಗಿ ಜನ ಸತ್ತರು. 2006ರ ಜೂನ್‌ನಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಆ ವಾಸನೆಯ ವಸ್ತು ನಿಲ್ಲುವಂಥದ್ದಲ್ಲ, ನೀರಿನಲ್ಲಿ ಕರಗುವಂಥದ್ದೂ ಅಲ್ಲ. ಕರಗಿಸಲು ಹಾಕಿದ ಪಾಲಿಸಾರ್ಬೇಟ್ 80 ಮೇಲೂ ಅನುಮಾನ ಬಂತು. ಮೂಸಿದಾಗ, ಕುಡಿದಾಗ ಸುರಕ್ಷಿತವಾದದ್ದು ರಕ್ತನಾಳಕ್ಕೆ ಹೋದಾಗಲೂ ಹಾಗೆಯೇ ಇರಬೇಕೆಂದಿಲ್ಲ.

ಇನ್ನು ಘಮವೇ ಮದ್ದು ಎನ್ನುವುದಕ್ಕೂ ಒಂದು ಮಿತಿ ಇದೆ. ಚಿಂಗ್‌ಹಾವ್ ಗಿಡದ ಉದಾಹರಣೆ ಎಲ್ಲರೂ ಕೊಡುತ್ತಾರೆ. ನಮ್ಮ ದವನ ಇದೇ ಆರ್ಟಿಮೀಸಿಯಾ ಕುಲದ್ದು, ಅದರ ವಾಸನೆ ಗೊತ್ತಿದ್ದವರಿಗೆ ಇದರ ವಾಸನೆಯ ಅಂದಾಜು ಸಿಗುತ್ತದೆ. ನಾಲ್ಕನೆಯ ಶತಮಾನದ ವೈದ್ಯ ಗೆ ಹೋಂಗ್ ಈ ಸೊಪ್ಪನ್ನು ಕುದಿಸಲು ಹೇಳಲಿಲ್ಲ. ಒಂದು ಹಿಡಿ ಸೊಪ್ಪು ನೀರಿನಲ್ಲಿ ನೆನೆಸಿ, ಹಿಂಡಿ ರಸ ಕುಡಿಯಲು ಹೇಳಿದರು. ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದ ಚೀನಾದ ವಿಜ್ಞಾನಿ ತೂ ಯೂಯೂ ಅವರಿಗೆ ಆ ಸಾಲು ಹೊಳೆದದ್ದೇ ತಿರುವು. 35 ಡಿಗ್ರಿಗೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ ಆ ಸಾರ ಮಲೇರಿಯಾ ರೋಗಾಣುವನ್ನು ಪೂರ್ತಿ ತಡೆಯಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಶಾಖದ ಬಗ್ಗೆ ಇದು ದೊಡ್ಡ ಪಾಠವೇ. ಆದರೆ ಕೆಲಸ ಮಾಡಿದ ಆರ್ಟಿಮಿಸಿನಿನ್ ವಾಸನೆಯ ವಸ್ತುವಲ್ಲ. ಆ ಗಿಡದ ಘಮದ ಎಣ್ಣೆ ಬೇರೆ, ಮಲೇರಿಯಾ ತಡೆದದ್ದು ಬೇರೆ.

ಪುದೀನದ ಕಥೆ ಇದಕ್ಕೆ ಎದುರು. ಮೆಂಥಾಲ್ ನಮ್ಮ ನರಗಳಲ್ಲಿರುವ ಟಿಆರ್‌ಪಿಎಮ್8 ಎಂಬ ತಂಪಿನ ಬಾಗಿಲನ್ನು ತೆರೆಯುತ್ತದೆ. 2021ರ ನೊಬೆಲ್ ಪಡೆದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಇಬ್ಬರೂ ಆ ಬಾಗಿಲನ್ನು ಹುಡುಕಿದ್ದು ಮೆಂಥಾಲ್ ಹಿಡಿದೇ. ಮೂಗು ಕಟ್ಟಿದವರು ಮೆಂಥಾಲ್ ಮೂಸಿದರೆ ಮೂಗಿನ ದಾರಿ ಅಗಲವಾಗದಿದ್ದರೂ ಉಸಿರು ಸರಾಗವಾದಂತೆ ಅನ್ನಿಸುತ್ತದೆ. ಅಂದರೆ ಜ್ವರದ ಕಷಾಯದ ಬಟ್ಟಲಿನ ಮೇಲೆ ಮುಖ ಇಟ್ಟು ಹಬೆ ಎಳೆದುಕೊಳ್ಳುವಾಗಲೇ ಮದ್ದಿನ ಒಂದು ಭಾಗ ಒಳಗೆ ಹೋಗಿರುತ್ತದೆ. ಗುಳಿಗೆಯಲ್ಲಿ ಅದಿಲ್ಲ.

ಹೀಗಾಗಿ ಒಂದೊಂದು ಮೂಲಿಕೆಗೂ, ಒಂದೊಂದು ಯೋಗಕ್ಕೂ ಬೇರೆ ಬೇರೆ ತೀರ್ಮಾನ ಬೇಕು. ಆಯುರ್ವೇದದಲ್ಲೂ ಇದೇ ವಿವೇಕವಿದೆ. ಕುದಿಸುವ ಕ್ವಾಥ ಬೇರೆ, ಬಿಸಿನೀರು ಸುರಿದು ಮುಚ್ಚಿಡುವ ಫಾಂಟ ಬೇರೆ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸುವ ಹಿಮ ಬೇರೆ. ಚ್ಯವನಪ್ರಾಶಕ್ಕೆ ಏಲಕ್ಕಿ, ದಾಲ್ಚಿನ್ನಿ ಪುಡಿ ಬೀಳುವುದು ಪಾಕ ಮುಗಿದ ಮೇಲೆ. ನಮ್ಮಲ್ಲಿ ಈಗ ಕಷಾಯಗಳು ಗುಳಿಗೆಯಾಗುತ್ತಿರುವಾಗ ಇದೇ ಪ್ರಶ್ನೆಯನ್ನು ನಾವೂ ಕೇಳಬೇಕು.

ಚೀನಾದಲ್ಲಿ ಕೇಳಲು ಒಳ್ಳೆಯ ಸಂದರ್ಭವೇ ಬಂದಿದೆ. 2018ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ 100 ಪ್ರಾಚೀನ ಯೋಗಗಳ ಮೊದಲ ಪಟ್ಟಿ ಹೊರಡಿಸಿತು. ಇವುಗಳಿಗೆ ಹೊಸ ರೋಗಿ ಪರೀಕ್ಷೆ ಇಲ್ಲದೆಯೇ ಅನುಮತಿ ಸಿಗಬಹುದು. ಆದರೆ ಕಾರ್ಖಾನೆಯ ಮಾಲು ಹಳೆಯ ವಿಧಾನದಲ್ಲಿ ಮಾಡಿದ ಮಾದರಿ ಕಷಾಯಕ್ಕೆ ಹೊಂದಬೇಕು. ಇಲ್ಲಿ ಹೊಂದುವುದು ಅಂದರೆ ಏನು ಎನ್ನುವುದೇ ಎಲ್ಲ. ಬರೀ ಹಾರದ ವಸ್ತುಗಳ ಪಟ್ಟಿ ಹೊಂದಿದರೆ ನನಗೆ ಸಾಲದು. ಮಾದರಿ ಕಷಾಯದ ಬಟ್ಟಲಿನ ಮೇಲಿನ ಗಾಳಿಯನ್ನೂ ಹಿಡಿದು ನೋಡಬೇಕು. ಅದಕ್ಕೆ ಯಂತ್ರಗಳಿವೆ. ಸಣ್ಣ ನಾರೊಂದನ್ನು ಆ ಗಾಳಿಗೆ ಒಡ್ಡಿ, ಅಂಟಿಕೊಂಡದ್ದನ್ನು ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಬಿಡಿಸಿದರೆ ಯಾವ ಪರಿಮಳ ಎಷ್ಟು ಎಂದು ಗೊತ್ತಾಗುತ್ತದೆ. ನಿಮಿಷಕ್ಕೊಮ್ಮೆ ಹೀಗೆ ನೋಡುತ್ತಾ ಹೋದರೆ ಪುದೀನದ ಮೆಂಥಾಲ್ ಹಬೆಯಲ್ಲಿ ಏರುವುದು, ತುದಿ ಮುಟ್ಟುವುದು, ಇಳಿಯುವುದು ಗೆರೆಯಾಗಿ ಮೂಡುತ್ತದೆ. ಘಮ ಜೋರಾಗಿ ಎದ್ದಾಗ ಇಳಿಸು ಎಂದ ವು ಜೂತೊಂಗ್ ಮೂಗಿನಿಂದ ಹಿಡಿಯುತ್ತಿದ್ದದ್ದು ಆ ತುದಿಯನ್ನೇ. ಯಿನ್‌ಚ್ಯಾವ್ ಬೇಯಿಸುವ ತೊಟ್ಟಿಗೆ ಅಷ್ಟು ನಿಮಿಷದ ಗಡಿ ಹಾಕಿ, ಪುದೀನವನ್ನು ಬೇರೆ ಇಟ್ಟು ಕೊನೆಗೆ ಸೇರಿಸಿ, ಮುಗಿದ ಪೊಟ್ಟಣದಲ್ಲಿ ಮೆಂಥಾಲ್ ಎಷ್ಟು ಉಳಿದಿದೆ ಎಂದು ಅದರ ಮೇಲೆಯೇ ಅಚ್ಚು ಹಾಕುವುದು ಇವತ್ತಿನ ಕಾರ್ಖಾನೆಗೆ ಆಗದ ಕೆಲಸವಲ್ಲ.